ಮೊದಲು ಸೋರುತ್ತಿರಲಿಲ್ಲ, ಆಪರೇಷನ್ ಆದ ಮೇಲೆ ಏಕೆ?

ಪ್ರಶ್ನೆ: ನನಗೆ 46 ವರ್ಷ, ಸಿಂಧನೂರು ತಾಲ್ಲೂಕಿನ ಹಳ್ಳಿಯವಳು. ಮೂರೂ ಹೆರಿಗೆ ಮನೆಯಲ್ಲೇ ಆದವು. ಎರಡು ವರ್ಷದಿಂದ ಗರ್ಭಚೀಲ ಕೆಳಗೆ ಜಾರುತ್ತಿತ್ತು. ಬೆರಳಿನಿಂದ ಒಳಗೆ ತಳ್ಳಿಕೊಂಡರೆ ಮಾತ್ರ ಮೂತ್ರ ಸಲೀಸಾಗಿ ಆಗುತ್ತಿತ್ತು. ಏಳು ವಾರದ ಹಿಂದೆ ರಾಯಚೂರಿನಲ್ಲಿ ಕೆಳಗಿನಿಂದಲೇ ಗರ್ಭಚೀಲ ತೆಗೆದು, ಮೂತ್ರಚೀಲ ಜೋತುಬಿದ್ದ ಕಡೆ ಹೊಲಿಗೆ ಹಾಕಿದರು. ಜಾರುವುದು ನಿಂತಿದೆ. ಆದರೆ ಈಗ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಹನಿಯುತ್ತದೆ. ಮೊದಲು ಹೀಗಿರಲಿಲ್ಲ. ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕಿಲ್ಲ. ಹೊಲಿಗೆ ಚೆನ್ನಾಗಿ ಕೂಡಿದೆ, ಫಿಸಿಯೋಥೆರಪಿ ಮಾಡಿಸಿಕೊಳ್ಳಿ ಎಂದರು. ಅದು ಮೊಣಕಾಲಿಗೆ ಮಾಡಿಸುವುದು ಎಂದು ನಮ್ಮ ಮನೆಯವರು ನಗುತ್ತಾರೆ. ಅತ್ತೆ ಆರು ತಿಂಗಳು ಹೊರಸು ಬಿಟ್ಟು ಇಳಿಯಬೇಡ ಎನ್ನುತ್ತಾರೆ. ನಾದಿನಿ ಮೊಬೈಲ್‌ನಲ್ಲಿ ನೋಡಿ, ದಿನಕ್ಕೆ 200 ಸಲ ಬಿಗಿಹಿಡಿ ಎಂದಳು. ನಾಲ್ಕು ದಿನ ಮಾಡಿದೆ, ಇನ್ನೂ ಹೆಚ್ಚಾದಂತೆ ಅನಿಸಿ ಬಿಟ್ಟೆ. ನನ್ನ ಆಪರೇಷನ್ ಕೆಟ್ಟಿತೇ? ಕೊಡ ಯಾವಾಗ ಎತ್ತಬಹುದು? ನಾಟಿಗೆ ಹೋಗಬಹುದೇ? ಗಂಡ ಹೆಂಡತಿಯ ವಿಷಯವೂ ಇದೆ, ಡಾಕ್ಟರ ಹತ್ತಿರ ಕೇಳಲು ನಾಚಿಕೆಯಾಯಿತು.

ಉತ್ತರ: ನೀವು ಬರೆದದ್ದನ್ನು ನೋಡಿದರೆ ಆಪರೇಷನ್ ಕೆಟ್ಟ ಲಕ್ಷಣ ಕಾಣುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಆ ಅನುಮಾನ ಹೊತ್ತು ಬಂದವರು ನಾನು ಮುಂದೆ ಹೇಳುವುದು ಯಾವುದನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೊದಲು ಏಕೆ ಸೋರುತ್ತಿರಲಿಲ್ಲ ಎಂಬುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಬೆರಳಿನಿಂದ ಒಳಗೆ ತಳ್ಳಿಕೊಂಡರೆ ಮಾತ್ರ ಮೂತ್ರ ಸಲೀಸಾಗಿ ಆಗುತ್ತಿತ್ತು ಎಂದಿದ್ದೀರಿ. ಪಂಪ್‌ಸೆಟ್‌ನಿಂದ ಹೊಲಕ್ಕೆ ನೀರು ಹಾಯಿಸುವ ಪೈಪು ನಡುವೆ ಎಲ್ಲೋ ಮಡಚಿಕೊಂಡರೆ ನೀರು ಮುಂದೆ ಹೋಗುವುದಿಲ್ಲ, ಅಲ್ಲವೇ? ಮೂತ್ರಚೀಲ ಕೆಳಗೆ ಜೋತುಬಿದ್ದಾಗ ನಿಮ್ಮ ಮೂತ್ರನಾಳವೂ ಹಾಗೆಯೇ ಮಡಚಿಕೊಂಡಿತ್ತು. ಬೆರಳಿನಿಂದ ತಳ್ಳಿದಾಗ ಮಡಿಕೆ ಬಿಚ್ಚುತ್ತಿತ್ತು, ಮೂತ್ರ ಬರುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಆ ಮಡಿಕೆಯೇ ನಿಮ್ಮನ್ನು ಒಣಗಿಸಿ ಇಟ್ಟಿತ್ತು. ಮೂತ್ರನಾಳದ ಸುತ್ತಲಿನ ಸ್ನಾಯು ಆಗಲೇ ಸಡಿಲವಾಗಿದ್ದರೂ ಅದು ಬಯಲಿಗೆ ಬರಲಿಲ್ಲ. ಈಗ ಡಾಕ್ಟರು ಮೂತ್ರಚೀಲವನ್ನು ಅದರ ಜಾಗಕ್ಕೆ ಎತ್ತಿ ಕೂರಿಸಿದ್ದಾರೆ, ಪೈಪು ನೆಟ್ಟಗಾಗಿದೆ, ಹಳೆಯ ಸಡಿಲ ಹೊರಗೆ ಬಂದಿದೆ. ಗರ್ಭಚೀಲ ಜಾರಿದ್ದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಇದು ಅಪರೂಪವಲ್ಲ. ಹೀಗೂ ಆಗಬಹುದು ಎಂದು ಆಪರೇಷನ್‌ಗೆ ಮೊದಲೇ ಯಾರಾದರೂ ಎರಡು ಮಾತು ಹೇಳಿದ್ದರೆ ನೀವು ಏಳು ವಾರ ಕೊರಗಬೇಕಾಗಿರಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 3ಕ್ಕೂ ಸ್ವಲ್ಪ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡವರು. ಇಷ್ಟು ಹೆಂಗಸರಿದ್ದರೂ ನನ್ನ ಮೇಜಿನ ಮೇಲೆ ಬಂದು ಬೀಳುವ ಬಿಡುಗಡೆ ಚೀಟಿಗಳಲ್ಲಿ ಹೆಚ್ಚಿನವುಗಳ ಕೊನೆಯ ಸಾಲು ಒಂದೇ: ‘ಭಾರ ಎತ್ತಬೇಡಿ’. ಎಷ್ಟು ಭಾರ, ಎಷ್ಟು ದಿನ, ಆಮೇಲೆ ಏನು ಎಂಬುದು ಇರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಇರಲಿ. ನಿಮಗೆ ಕೆಮ್ಮಿದಾಗ, ಸೀನಿದಾಗ ಮಾತ್ರ ಹನಿಯುತ್ತದೆ. ಹಾಗಲ್ಲದೆ ಕೂತರೂ ಮಲಗಿದರೂ, ಹಗಲೂ ರಾತ್ರಿಯೂ ತಾನೇ ತಾನಾಗಿ ತೊಟ್ಟಿಕ್ಕುತ್ತಿದ್ದರೆ ಅದು ಬೇರೆ ಕಥೆ. ಗರ್ಭಕೋಶದ ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ಕೆಲವೊಮ್ಮೆ ಮೂತ್ರಚೀಲಕ್ಕೂ ಯೋನಿಗೂ ನಡುವೆ ತೂತು ಉಂಟಾಗುತ್ತದೆ. ಅದಕ್ಕೆ ಯಾವ ವ್ಯಾಯಾಮವೂ ಮದ್ದಲ್ಲ, ಶಸ್ತ್ರಚಿಕಿತ್ಸಕರೇ ನೋಡಬೇಕು. ಜ್ವರ, ವಾಸನೆಯ ಸ್ರಾವ, ಬಟ್ಟೆ ತೋಯುವಷ್ಟು ರಕ್ತ, ಮೂತ್ರ ಕಟ್ಟುವುದು, ಒಂದು ಮೀನಖಂಡ ಮಾತ್ರ ಊದಿ ನೋಯುವುದು, ಇವುಗಳಲ್ಲಿ ಯಾವುದು ಬಂದರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಈಗ ಮೊಣಕಾಲಿನ ವಿಷಯ. ನಿಮ್ಮ ಮನೆಯವರ ಮಾತು ಅರ್ಧ ಸರಿ. ಫಿಸಿಯೋಥೆರಪಿ ಎಂದರೆ ಸ್ನಾಯುಗಳಿಗೆ ಕೆಲಸ ಕಲಿಸುವುದು, ಸ್ನಾಯು ಮೊಣಕಾಲಿನ ಸುತ್ತ ಮಾತ್ರ ಇಲ್ಲ. ಮುಂದಿನ ಮರ್ಮಸ್ಥಾನದ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಸ್ನಾಯುಗಳ ಒಂದು ಹಾಸು ಹೆಣೆದುಕೊಂಡಿದೆ. ಪುಸ್ತಕಗಳು ಅದನ್ನು ಶ್ರೋಣಿತಳ ಎನ್ನುತ್ತವೆ. ನಾನು ತಳದ ಸ್ನಾಯು ಎನ್ನುತ್ತೇನೆ, ಕೇಳುವವರಿಗೆ ಬೇಗ ಹತ್ತುತ್ತದೆ. ಮೂತ್ರಚೀಲ, ಯೋನಿ, ಮಲನಾಳ ಇವೆಲ್ಲ ಅದರ ಮೇಲೆ ಕೂತಿವೆ, ನಿಮ್ಮ ಹೊರಸಿನ ನುಲಿಯ ಮೇಲೆ ಹಾಸಿಗೆ ಕೂತಂತೆ. ಮೂರು ಹೆರಿಗೆಯಲ್ಲಿ ನುಲಿ ಸಡಿಲಾಗಿದೆ. ಡಾಕ್ಟರು ಜಾರಿದ್ದನ್ನು ಎತ್ತಿ ಹೊಲಿದಿದ್ದಾರೆ, ಆದರೆ ನುಲಿಯನ್ನು ಬಿಗಿ ಮಾಡುವುದು ಸೂಜಿದಾರದ ಕೆಲಸವಲ್ಲ. ಹೊರಸಿನ ನುಲಿಯನ್ನಾದರೆ ಯಾರೋ ಎಳೆದು ಬಿಗಿಯಬೇಕು. ಇದು ತನ್ನನ್ನು ತಾನೇ ಬಿಗಿದುಕೊಳ್ಳಬಲ್ಲ ನುಲಿ, ಸರಿಯಾಗಿ ಕೇಳಿಕೊಂಡರೆ.

ಸರಿಯಾಗಿ ಕೇಳಿಕೊಳ್ಳುವುದರಲ್ಲೇ ಎಲ್ಲ ಎಡವಟ್ಟು. ನೀವು ನಾಲ್ಕು ದಿನ ಮಾಡಿದ್ದು ಏಕೆ ತಿರುಗಿಬಿತ್ತು ಎಂದು ನಿಮ್ಮನ್ನು ನೋಡದೆಯೂ ಊಹಿಸಬಲ್ಲೆ. ನೀವು ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ತಿಣುಕಿದ್ದೀರಿ. 1991ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 47 ಮಹಿಳೆಯರಿಗೆ ಬರೀ ಬಾಯಿಮಾತಿನಲ್ಲಿ ಈ ವ್ಯಾಯಾಮ ಹೇಳಿಕೊಟ್ಟು ಉಪಕರಣದಿಂದ ಅಳೆದರು. ಸರಿಯಾಗಿ ಮಾಡಿದವರು ಅರ್ಧದಷ್ಟು ಮಾತ್ರ. ಕಾಲುಭಾಗದಷ್ಟು ಮಂದಿ ಸೋರಿಕೆಯನ್ನೇ ಹೆಚ್ಚಿಸಬಹುದಾದ ರೀತಿಯಲ್ಲಿ ಮಾಡುತ್ತಿದ್ದರು. 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದು ಹೆಸರಾದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಅವರಿಗೂ ಇದು ಗೊತ್ತಿತ್ತು. ಅದಕ್ಕೇ ಅವರು ಒತ್ತಡ ತೋರಿಸುವ ಒಂದು ಮಾಪಕ ಮಾಡಿ, ತನ್ನ ಸ್ನಾಯು ಕೆಲಸ ಮಾಡುವುದನ್ನು ಹೆಂಗಸು ತಾನೇ ಮುಳ್ಳು ನೋಡಿ ತಿಳಿಯುವಂತೆ ಮಾಡಿದ್ದರು. ಮೊಬೈಲ್‌ನವರು ಅವರ ಹೆಸರನ್ನು ಮಾತ್ರ ಉಳಿಸಿಕೊಂಡು ಮಾಪಕವನ್ನು ಬಿಟ್ಟುಬಿಟ್ಟಿದ್ದಾರೆ.

ಕೆಲ ವರ್ಷದ ಹಿಂದೆ ಹತ್ತಿ ಬಿಡಿಸಲು ಹೋಗುವ ಅರವತ್ತರ ಹತ್ತಿರದ ಅಮ್ಮ ಒಬ್ಬರು ಬಂದಿದ್ದರು. ಮಲಗಿಸಿ, ಮಂಡಿ ಮಡಚಿಸಿ, ಒಳಗೆ ಎಳೆದುಕೊಳ್ಳಿ ಎಂದೆ. ಉಸಿರು ಕಟ್ಟಿದರು, ಕೆನ್ನೆ ಉಬ್ಬಿತು, ಭುಜ ಕಿವಿಯ ಹತ್ತಿರ ಬಂತು, ಹೊಟ್ಟೆ ಮೇಲೆದ್ದಿತು. ಕೈಗನ್ನಡಿ ಹಿಡಿದು ತೋರಿಸಿದೆ: ಕೆಳಗೆ ಎಲ್ಲವೂ ಹೊರಕ್ಕೆ ಉಬ್ಬುತ್ತಿತ್ತು. ಮತ್ತೆ ಹೇಳಿದೆ, ಮತ್ತೆ ಅದೇ. ಕೊನೆಗೆ ಕೇಳಿದೆ, ‘ಅಮ್ಮಾ, ಮಾನ್ವಿಯಿಂದ ಬಸ್ಸಿನಲ್ಲಿ ಬರುತ್ತಿದ್ದೀರಿ. ಹೊಟ್ಟೆಯಲ್ಲಿ ಗಾಳಿ ತುಂಬಿದೆ. ಪಕ್ಕದ ಸೀಟಿನಲ್ಲಿ ಬೀಗರು ಕೂತಿದ್ದಾರೆ. ಏನು ಮಾಡುತ್ತೀರಿ?’ ಅವರು ಬಿದ್ದು ಬಿದ್ದು ನಕ್ಕರು. ನಕ್ಕಿದ್ದಕ್ಕೆ ಎರಡು ಹನಿ ಸೋರಿತು, ಅದಕ್ಕೂ ನಕ್ಕರು. ಆಮೇಲೆ ಸುಮ್ಮನಾಗಿ ಬೀಗರನ್ನು ನೆನೆಸಿಕೊಂಡರು. ಕನ್ನಡಿಯಲ್ಲಿ ಗುದದ್ವಾರದ ಸುತ್ತ ಚರ್ಮ ಸುಕ್ಕಾಗಿ ಒಳಕ್ಕೆ, ಮೇಲಕ್ಕೆ ಸರಿಯಿತು. ಮುಖದಲ್ಲಿ ಏನೂ ಬದಲಾಗಲಿಲ್ಲ. ಬೀಗರ ಪಕ್ಕ ಕೂತು ಯಾರು ತಾನೇ ಮುಖ ಕಿವುಚುತ್ತಾರೆ?

ನೀವೂ ಅಲ್ಲಿಂದಲೇ ಶುರು ಮಾಡಿ. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಒಂದು ಕೈ ಹೊಟ್ಟೆಯ ಮೇಲಿರಲಿ. ಉಸಿರು ಬಿಡುತ್ತಾ ಮೊದಲು ಗಾಳಿಯನ್ನು ತಡೆಯುವಂತೆ ಹಿಂದಿನಿಂದ ಎಳೆದುಕೊಳ್ಳಿ, ಹಾಗೆಯೇ ಮೂತ್ರ ತಡೆಯುವಂತೆ ಮುಂದಕ್ಕೂ ತನ್ನಿ, ಎರಡನ್ನೂ ಸೇರಿಸಿ ಮೇಲಕ್ಕೆ ಎತ್ತಿ. ತೊಡೆ ಒತ್ತಿಕೊಳ್ಳಬಾರದು, ಪಿರ್ರೆ ಬಿಗಿಯಬಾರದು, ಹೊಟ್ಟೆ ಕೈಯನ್ನು ಮೇಲೆ ತಳ್ಳಬಾರದು. ಮೂರು ಎಣಿಸುವವರೆಗೆ ಹಿಡಿಯಿರಿ. ಆಮೇಲೆ ಬಿಡಿ, ಪೂರ್ತಿ ಬಿಡಿ, ಆರು ಎಣಿಸಿ. ಈ ಬಿಡುವುದನ್ನು ನುಂಗಿಹಾಕುವವರೇ ಹೆಚ್ಚು. ಸದಾ ಬಿಗಿದುಕೊಂಡಿರುವ ಸ್ನಾಯು ದಣಿದಿರುತ್ತದೆ, ಕೆಮ್ಮು ಬಂದ ಕ್ಷಣಕ್ಕೆ ಅದರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕೆಲವರಿಗೆ ಅದೇ ನೋವಾಗಿ ಕೂರುತ್ತದೆ. ಕಿಬ್ಬೊಟ್ಟೆಯ ತಳದಲ್ಲಿ ನೋವು, ಮೂತ್ರ ಶುರುವಾಗಲು ತಡ ಇದ್ದವರು ಬಿಗಿಯುವ ವ್ಯಾಯಾಮ ಮಾಡಲೇಬಾರದು. ಅವರಿಗೆ ಮೊದಲು ಸಡಿಲಿಸುವುದನ್ನು ಕಲಿಸಬೇಕು. 200 ಸಲದ ಲೆಕ್ಕ ಬಿಟ್ಟುಬಿಡಿ. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಹೊತ್ತು, ಅಷ್ಟೇ. ಬೆಳಗ್ಗೆ ಏಳುವ ಮುನ್ನ, ಮಧ್ಯಾಹ್ನ ಅಡ್ಡಾದಾಗ, ರಾತ್ರಿ ಮಲಗಿದಾಗ. ಹಿಡಿಯುವ ಹೊತ್ತನ್ನು ವಾರ ವಾರ ಸ್ವಲ್ಪ ಸ್ವಲ್ಪ ಏರಿಸುತ್ತಾ 10 ಎಣಿಕೆಗೆ ತನ್ನಿ. ಮಲಗಿ ಸಲೀಸಾದ ಮೇಲೆ ಕೂತು, ಕೂತು ಸಲೀಸಾದ ಮೇಲೆ ನಿಂತು. ಕೊನೆಯಲ್ಲಿ ಬೇಗ ಬೇಗ ಎತ್ತಿ ಬಿಡುವುದನ್ನು ಎಂಟು ಹತ್ತು ಸಲ ಸೇರಿಸಿ, ಏಕೆಂದರೆ ಸೀನು ಹೇಳಿ ಬರುವುದಿಲ್ಲ.

ಸರಿಯಾಗಿ ಆಗುತ್ತಿದೆಯೇ ಎಂದು ತಿಳಿಯಲು ಟವೆಲನ್ನು ಗಟ್ಟಿಯಾಗಿ ಸುರುಳಿ ಸುತ್ತಿ ಕುರ್ಚಿಯ ಮೇಲೆ ಉದ್ದಕ್ಕೆ ಇಟ್ಟು ಅದರ ಮೇಲೆ ಕೂರಿ. ಎಳೆದುಕೊಂಡಾಗ ಟವೆಲಿನಿಂದ ಮೈ ಮೇಲಕ್ಕೆ ಸರಿದಂತೆ ಅನಿಸಿದರೆ ಸರಿ, ಟವೆಲಿನ ಮೇಲೆ ಇನ್ನಷ್ಟು ಒತ್ತಿದಂತೆ ಅನಿಸಿದರೆ ಅಲ್ಲಿಗೇ ನಿಲ್ಲಿಸಿ. ಮೂತ್ರ ಮಾಡುವಾಗ ನಡುವೆ ತಡೆದು ನೋಡುವ ಅಭ್ಯಾಸ ಬೇಡ, ಮೂತ್ರಚೀಲ ಪೂರ್ತಿ ಖಾಲಿಯಾಗುವ ಪಾಠ ಮರೆಯುತ್ತದೆ.

ಎತ್ತುವುದು ಕೈಹತ್ತಿದ ಮೇಲೆ ಒಂದು ಚಿಕ್ಕ ಉಪಾಯವಿದೆ. ಕೆಮ್ಮು ಬರುವ ಮುನ್ನ ಕದ ಹಾಕುವುದು. ಗಂಟಲು ಕೆರೆಯಿತು, ಮೂಗು ತುರಿಸಿತು ಎಂದ ಕೂಡಲೇ ತಳದ ಸ್ನಾಯುವನ್ನು ಎತ್ತಿ ಹಿಡಿದು, ಆಮೇಲೆ ಕೆಮ್ಮಿ, ಆಮೇಲೆ ಬಿಡಿ. ಇದರಲ್ಲಿ ಬಲಕ್ಕಿಂತ ಹೊತ್ತು ಮುಖ್ಯ. ಒಂದೇ ವಾರದ ಅಭ್ಯಾಸದಲ್ಲಿ ಕೆಮ್ಮಿದಾಗಿನ ಸೋರಿಕೆ ಸಾಕಷ್ಟು ಇಳಿದದ್ದನ್ನು 1998ರ ಒಂದು ಅಧ್ಯಯನ ತೋರಿಸಿದೆ. ನನ್ನ ಅನುಭವವೂ ಅದೇ. ಸ್ನಾಯು ಗಟ್ಟಿಯಾಗಲು ಕನಿಷ್ಠ ಮೂರು ತಿಂಗಳು ಬೇಕು, ಆದರೆ ಈ ಉಪಾಯ ಹದಿನೈದು ದಿನದಲ್ಲಿ ಕೈಗೆ ಬರುತ್ತದೆ, ಅಲ್ಲಿಯವರೆಗೆ ಧೈರ್ಯ ಉಳಿಸುತ್ತದೆ. ಹಾಗೆಂದು ನೀವೇ ಕೆಮ್ಮನ್ನು ಕರೆಯಲು ಹೋಗಬೇಡಿ. ನಿಮ್ಮ ಕಡೆ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮನೆಮನೆಯಲ್ಲಿ ಇರುತ್ತದೆ, ಕೂತು ಮಾಡುವ ಹಗುರ ಕೆಲಸ ಎಂದು ಆಪರೇಷನ್ ಆದವರನ್ನೇ ಅದಕ್ಕೆ ಕೂರಿಸುತ್ತಾರೆ. ಆ ಘಾಟಿಗೆ ಗಂಟೆಗೆ ನೂರು ಸೀನು. ಕೊಡ ಎತ್ತುವುದಕ್ಕಿಂತ ಅದು ಕೇಡು.

ಇಲ್ಲಿ ಒಂದು ಮಾತು ಮುಚ್ಚಿಡುವುದಿಲ್ಲ. ಈ ವ್ಯಾಯಾಮ ಮಾಡಿದರೆ ಜಾರಿದ್ದು ಮತ್ತೆ ಜಾರುವುದಿಲ್ಲ ಎಂದು ಬರೆಯುವವರಿದ್ದಾರೆ. ನಾನು ಹಾಗೆ ಮಾತು ಕೊಡುವುದಿಲ್ಲ. ಜಾರುವಿಕೆಯ ಶಸ್ತ್ರಚಿಕಿತ್ಸೆಯ ಹಿಂದೆಮುಂದೆ ವ್ಯಾಯಾಮ ಮಾಡಿಸಿ ಎರಡು ವರ್ಷ ಗಮನಿಸಿದ, 374 ಮಹಿಳೆಯರಿದ್ದ ಅಮೆರಿಕದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಆರು ತಿಂಗಳ ಹೊತ್ತಿಗೆ ಮೂತ್ರದ ತೊಂದರೆಗಳಲ್ಲೂ ಎಲ್ಲರನ್ನೂ ಒಟ್ಟಿಗೆ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ನಿಮಗೆ ಏಕೆ ಹೇಳುತ್ತಿದ್ದೇನೆ? ಅದರಲ್ಲಿ ವ್ಯಾಯಾಮ ಮಾಡಿಸಿದ್ದು ಸೋರಿಕೆ ಉಳಿದಿದೆಯೋ ಇಲ್ಲವೋ ನೋಡದೆ, ವ್ಯಾಯಾಮದ ಗುಂಪಿಗೆ ಸೇರಿದ ಎಲ್ಲರಿಗೂ. ನಿಮಗೆ ಈಗ ಇರುವುದು ಕೆಮ್ಮಿದರೆ ಸೋರುವ ತೊಂದರೆ, ಅದಕ್ಕೆ ಎಲ್ಲ ಕಡೆಯ ಮಾರ್ಗಸೂಚಿಗಳೂ ಮೊದಲ ಚಿಕಿತ್ಸೆಯಾಗಿ ಹೇಳುವುದು ಇದನ್ನೇ, ಕನಿಷ್ಠ ಮೂರು ತಿಂಗಳು, ಕಲಿಸಿಕೊಡುವವರ ಕಣ್ಗಾವಲಿನಲ್ಲಿ. ಮೂರು ತಿಂಗಳು ಪ್ರಾಮಾಣಿಕವಾಗಿ ಮಾಡಿಯೂ ಹಾಗೆಯೇ ಇದ್ದರೆ ಡಾಕ್ಟರ ಹತ್ತಿರ ಹಿಂದಿರುಗಿ. ಮೂತ್ರನಾಳಕ್ಕೆ ಆಧಾರ ಕೊಡುವ ಚಿಕ್ಕ ಶಸ್ತ್ರಚಿಕಿತ್ಸೆಗಳಿವೆ.

ಕಲಿಸಿಕೊಡುವವರು ಎಲ್ಲಿ ಸಿಗುತ್ತಾರೆ ಎಂಬುದು ಕಷ್ಟದ ಪ್ರಶ್ನೆ. ರಾಯಚೂರಿನ ರಿಮ್ಸ್, ಕೊಪ್ಪಳ ಮತ್ತು ಬಳ್ಳಾರಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗದಲ್ಲೇ ನೇರವಾಗಿ ಕೇಳಿ: ಆಪರೇಷನ್ ಆದ ಹೆಂಗಸರಿಗೆ ತಳದ ಸ್ನಾಯುವಿನ ವ್ಯಾಯಾಮ ಪರೀಕ್ಷಿಸಿ ಹೇಳಿಕೊಡುವ ಮಹಿಳಾ ಫಿಸಿಯೋಥೆರಪಿಸ್ಟ್ ಯಾರಿದ್ದಾರೆ? ಹೀಗೆ ಕೇಳದಿದ್ದರೆ ನಿಮ್ಮನ್ನು ಮೊಣಕಾಲಿನ ಸಾಲಿನಲ್ಲಿ ನಿಲ್ಲಿಸುವ ಸಂಭವವೇ ಹೆಚ್ಚು. ಪರೀಕ್ಷೆ ಎಂದರೆ ಕೈಗವಸು ಹಾಕಿದ ಒಂದು ಬೆರಳಿನಿಂದ ಸ್ನಾಯುವಿನ ಬಲ ನೋಡುವುದು, ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ. ಬೇಡ ಎಂದರೆ ಹೊರಗಿನಿಂದ ನೋಡಿಯೂ ಕಲಿಸಬಹುದು, ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು ಮೂತ್ರಚೀಲದ ತಳ ಏಳುವುದನ್ನು ಪರದೆಯಲ್ಲಿ ತೋರಿಸಿಯೂ ಕಲಿಸಬಹುದು. ವಿದ್ಯುತ್ ಯಂತ್ರ ಹಚ್ಚಿ ಹತ್ತು ದಿನದ ಪ್ಯಾಕೇಜ್ ಎಂದು ಯಾರಾದರೂ ಮೊದಲ ಮಾತಿಗೇ ಹಣ ಕೇಳಿದರೆ ಎದ್ದು ಬನ್ನಿ. ಸ್ವತಃ ಎಳೆದುಕೊಳ್ಳಲು ಬಾರದವರಿಗೆ ಯಂತ್ರದ ಉಪಯೋಗವಿದೆ, ಎಲ್ಲರಿಗೂ ಅಲ್ಲ.

ಅತ್ತೆಯವರ ಆರು ತಿಂಗಳಿಗೆ ಬರೋಣ. ಅವರ ಕಾಳಜಿ ದೊಡ್ಡದು, ಲೆಕ್ಕ ತಪ್ಪು. ಹೊರಸಿನಲ್ಲೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ, ಮಲಬದ್ಧತೆ ಬರುತ್ತದೆ, ಇದ್ದ ಸ್ನಾಯುವೂ ಸೊರಗುತ್ತದೆ. ನಡೆಯಿರಿ. ಏಳು ವಾರಕ್ಕೆ ಬೆಳಗ್ಗೆ ಅರ್ಧ ಗಂಟೆ, ಬಿಸಿಲಿಳಿದ ಮೇಲೆ ಅರ್ಧ ಗಂಟೆ ಆರಾಮಾಗಿ ನಡೆಯಬಹುದು. ಹೊರಸಿನಿಂದ ಏಳುವಾಗ ನೆಟ್ಟಗೆ ಎದ್ದು ಕೂರದೆ ಮಗ್ಗುಲಿಗೆ ಹೊರಳಿ, ಕೈ ಊರಿ ಏಳಿ. ರೊಟ್ಟಿ ಬಡಿಯುವುದಿದ್ದರೆ ನಿಂತು ಮಾಡುವ ಎತ್ತರದ ಕಟ್ಟೆಯ ಮೇಲೆ, ನಾಲ್ಕಾರು ರೊಟ್ಟಿ ಮಾತ್ರ. ಇಡೀ ಮನೆಯ ರೊಟ್ಟಿಯ ಬುಟ್ಟಿ ತುಂಬಿಸುವ ಹಟ ಈಗ ಬೇಡ.

ಮಲಬದ್ಧತೆ ಎಂದೆನಲ್ಲ, ಕೊಡದ ಬಗ್ಗೆ ಕೇಳುವ ಹೆಂಗಸರು ಇದರ ಬಗ್ಗೆ ಕೇಳುವುದೇ ಇಲ್ಲ. ದಿನಾ ಬೆಳಗ್ಗೆ ಹತ್ತು ನಿಮಿಷ ತಿಣುಕುವುದು ಹೊಲಿಗೆಯ ಮೇಲೆ ಹಾಕುವ ಹೊರೆ ಸಣ್ಣದಲ್ಲ. ನಂಜಾಗುತ್ತದೆ ಎಂದು ಪಲ್ಲೆ, ಕಾಳು ಎಲ್ಲ ಬಿಡಿಸಿ ಬಿಳಿ ಅನ್ನ, ಸಪ್ಪೆ ಸಾರಿನಲ್ಲಿ ಇಟ್ಟಿದ್ದಾರೆಯೇ? ಹಾಗಿದ್ದರೆ ಇಂದೇ ಜೋಳದ ರೊಟ್ಟಿ, ಪುಂಡಿ ಪಲ್ಲೆ, ಮೆಂತ್ಯ ಪಲ್ಲೆ, ಹೆಸರುಕಾಳಿಗೆ ಮರಳಿ. ಸೊಪ್ಪಿನಿಂದ ಹೊಲಿಗೆ ಕೀವಾಗುವುದಿಲ್ಲ. ಸೋರುತ್ತದೆ ಎಂದು ನೀರು ಕಡಿಮೆ ಮಾಡಿದ್ದರೆ ಅದನ್ನೂ ಬಿಡಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನೀರು ಬಿಟ್ಟರೆ ಮೂತ್ರ ಗಾಢವಾಗಿ ಉರಿಯುತ್ತದೆ, ಮೂತ್ರಚೀಲ ಕೆರಳಿ ಇನ್ನಷ್ಟು ಅವಸರ ಮಾಡುತ್ತದೆ, ಮಲವೂ ಗಟ್ಟಿಯಾಗುತ್ತದೆ. ಕಮೋಡ್ ಇದ್ದರೆ ಕಾಲಕೆಳಗೆ ಒಂದು ಮಣೆ ಇಟ್ಟುಕೊಂಡು ಮುಂದಕ್ಕೆ ಬಾಗಿ ಕೂರಿ, ಮಲದ ದಾರಿ ನೆಟ್ಟಗಾಗುತ್ತದೆ. ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆಯಾದರೂ ಏಳು ವಾರಕ್ಕೆ ತೊಂದರೆಯಿಲ್ಲ, ಗೋಡೆ ಹಿಡಿದು ಏಳಿ. ತಿಣುಕುವ ಬದಲು ಊದುಗೊಳವೆಯಲ್ಲಿ ಒಲೆ ಊದುವಂತೆ ಬಾಯಿಯಿಂದ ನಿಧಾನವಾಗಿ ಉಸಿರು ಬಿಡಿ.

ಕೊಡಕ್ಕೂ ಇದೇ ಉಸಿರು. ತುಂಬಿದ ಪ್ಲಾಸ್ಟಿಕ್ ಕೊಡ ಎಂದರೆ 15 ಕೆಜಿ ಆಸುಪಾಸು. ಶಸ್ತ್ರಚಿಕಿತ್ಸೆಯ ನಂತರ ಬೇಗ ಎಂದಿನ ಓಡಾಟಕ್ಕೆ ಮರಳಿದವರಿಗೆ ಹೆಚ್ಚಿನ ತೊಂದರೆ ಆಗಲಿಲ್ಲ ಎಂದು ಈಚೆಗೆ ವಿದೇಶದ ಅಧ್ಯಯನಗಳು ಹೇಳುತ್ತಿವೆ. ಆದರೆ ಅಲ್ಲಿ ಯಾರೂ ನಲ್ಲಿಯಿಂದ ಮನೆಗೆ ದಿನಕ್ಕೆ ಹತ್ತು ಕೊಡ ಹೊತ್ತವರಲ್ಲ, ಹಾಗಾಗಿ ನನ್ನ ಸಲಹೆ ಬಿಗಿಯಾಗಿಯೇ ಇರುತ್ತದೆ. ಮೂರು ತಿಂಗಳವರೆಗೆ ತುಂಬಿದ ಕೊಡ ಬೇಡ, ಗಾಯ ಒಳಗೆ ಗಟ್ಟಿಯಾಗಲು ಅಷ್ಟು ದಿನ ಬೇಕು. ಈಗ ನಾಲ್ಕೈದು ಲೀಟರಿನ ಬಿಂದಿಗೆಯಿಂದ ಶುರು ಮಾಡಿ. ಎತ್ತುವ ಮುನ್ನ ಕದ ಹಾಕಿ, ಉಸಿರು ಬಿಡುತ್ತಾ ಎತ್ತಿ, ಸೊಂಟ ಬಗ್ಗಿಸದೆ ಮಂಡಿ ಮಡಚಿ. ಎತ್ತುವಾಗ ಸೋರಿದರೆ, ಅಥವಾ ಸಂಜೆ ಕೆಳಗೆ ಭಾರ ಜೋತಂತೆ ಅನಿಸಿದರೆ ಆ ತೂಕ ನಿಮಗೆ ಇನ್ನೂ ಹೆಚ್ಚು. ಮನೆಯವರಿಗೆ ಈ ಪ್ಯಾರಾ ಓದಿಸಿ. ಮೂರು ತಿಂಗಳು ಕೊಡ ಹೊರುವ ಭುಜ ಅವರಿಗೂ ಇದೆ.

ನಾಚಿಕೆಯ ಪ್ರಶ್ನೆಗೆ ನಾಚದೆ ಉತ್ತರಿಸುತ್ತೇನೆ. ಗರ್ಭಕೋಶ ತೆಗೆದಾಗ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚಿರುತ್ತಾರೆ. ಆ ಹೊಲಿಗೆ ಪೂರ್ತಿ ಕೂಡಿದೆ ಎಂದು ಡಾಕ್ಟರು ಒಳಗೆ ನೋಡಿ ಹೇಳುವವರೆಗೆ ಸಂಭೋಗ ಬೇಡ. ಸಾಮಾನ್ಯವಾಗಿ ಆರರಿಂದ ಎಂಟು ವಾರ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು. ನಿಮಗೆ ಹೊಲಿಗೆ ಕೂಡಿದೆ ಎಂದಿದ್ದಾರೆ, ಆದರೂ ‘ಇದಕ್ಕೂ ಕೂಡಿದೆಯೇ’ ಎಂದು ಒಂದು ಮಾತು ಕೇಳಿ, ಫೋನಿನಲ್ಲಾದರೂ ಸರಿ. ಗರ್ಭಚೀಲ ಹೋದರೆ ಹೆಂಗಸುತನ ಹೋಯಿತು ಎಂಬುದು ಸುಳ್ಳು, ಅದಕ್ಕೂ ಸುಖಕ್ಕೂ ಸಂಬಂಧವಿಲ್ಲ. ಮೊದಲ ಸಲ ನೋವಿನ ಭಯಕ್ಕೆ ತಳದ ಸ್ನಾಯು ತಾನೇ ಬಿಗಿದುಕೊಳ್ಳುತ್ತದೆ, ಬಿಗಿದಷ್ಟೂ ನೋವು. ಎಣಿಸಿ ಬಿಡುವುದನ್ನು ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಣಗಿದಂತಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ನೀರಿನಂಶದ ಜೆಲ್ ಸಾಕು. ಅಂಡಾಶಯವನ್ನೂ ತೆಗೆದಿದ್ದಾರೆಯೇ ಎಂದು ಚೀಟಿಯಲ್ಲಿ ನೋಡಿ, ತೆಗೆದಿದ್ದರೆ ಹಾರ್ಮೋನಿನ ಕ್ರೀಮ್ ಬೇಕೇ ಎಂದು ಡಾಕ್ಟರು ತೀರ್ಮಾನಿಸುತ್ತಾರೆ.

ಇನ್ನು ನಾಟಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಿಮ್ಮ ಕಡೆ ನಾಟಿ ಭರದಿಂದ ಶುರುವಾಗುವುದು ಜುಲೈ-ಆಗಸ್ಟ್‌ನಲ್ಲಿ. ಆ ಹೊತ್ತಿಗೆ ನಿಮಗೆ ಆಪರೇಷನ್ ಆಗಿ ನಾಲ್ಕು ತಿಂಗಳು ತುಂಬಿರಬೇಕು, ಮೂರು ತಿಂಗಳ ವ್ಯಾಯಾಮ ಮುಗಿದಿರಬೇಕು. ಎರಡೂ ಆಗಿದ್ದರೆ ಹೋಗಿ. ಮೊದಲ ವಾರ ಅರ್ಧ ದಿನ ಮಾತ್ರ, ಕೂಲಿಯೂ ಅರ್ಧವೇ ಸಿಗಲಿ. ಸಸಿಯ ಕಟ್ಟು ಹೊತ್ತು ತರುವ ಕೆಲಸ ಬೇರೆಯವರು ಮಾಡಲಿ, ನೀವು ಹಚ್ಚುವ ಸಾಲಿನಲ್ಲಿರಿ. ಬದುವಿನ ಹತ್ತಿರದ ಸಾಲನ್ನೇ ಕೇಳಿ ಹಿಡಿಯಿರಿ. ಸಂಜೆಯವರೆಗೆ ಮೂತ್ರ ಕಟ್ಟಿಕೊಂಡು ಕೆಸರಿನಲ್ಲಿ ನಿಲ್ಲುವ ಬದಲು, ಮೂರು ಗಂಟೆಗೊಮ್ಮೆ ಮರೆಗೆ ಹೋಗಿ ಬರಲು ಹತ್ತಿರವಾಗುತ್ತದೆ.